ಒಳಲೆಯಲ್ಲಿ ಅಳೆದ ಮದ್ದು

ಗುರೆಳ್ಳು ಹುರಿಯುವಾಗ ಒಂದು ಘಳಿಗೆ ಬರುತ್ತದೆ. ಅಲ್ಲಿಯವರೆಗೂ ಹಂಚಿನ ಮೇಲೆ ಸುಮ್ಮನೆ ಬಿದ್ದಿದ್ದ ಕರಿಯ ಕಾಳು ಒಮ್ಮೆಲೇ ಚಟಪಟ ಅನ್ನಲು ಶುರುಮಾಡಿ, ಮೈಯೆಲ್ಲ ಎಣ್ಣೆಯಾಗಿ, ಹೊಗೆಯೋ ಘಮವೋ ಗೊತ್ತಾಗದ ಒಂದು ವಾಸನೆ ಅಡುಗೆಮನೆ ದಾಟಿ ಹೊರಬಾಗಿಲವರೆಗೂ ಹೋಗುತ್ತದೆ. ಆ ಹೊತ್ತಿಗೆ ಸರಿಯಾಗಿ ನನ್ನ ಸೊಸೆ ಕಿಟಕಿ ತೆಗೆಯುತ್ತಾಳೆ, ನಾನು ಮುಚ್ಚುತ್ತೇನೆ. "ಅತ್ತೀ, ಹೊಗಿ ಹೋಗ್ಲಿ ಬಿಡ್ರಿ, ಕೆಮ್ಮ ಬರ್ತೈತಿ" ಅನ್ನುತ್ತಾಳೆ. "ಬರ್ಲಿ ಬಿಡ, ಎರಡು ಸಲ ಕೆಮ್ಮಿದ್ರ ಏನ ಆಸ್ತಿ ಹೋಗ್ತೈತಿ?" ಅನ್ನುತ್ತೇನೆ ನಾನು. ಅವಳಿಗೆ ಇದು ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿಯ ವಾಸನೆ. ನನಗೆ ಮಾತ್ರ ಇದು ಒಂದು ಸಂಜೆ. ನಮ್ಮ ರುದ್ರಪ್ಪ ಕಾಕಾ ಹೆಗಲಿಗೆ ಬಂದೂಕು ಏರಿಸಿ ಶೇಂಗಾದ ಹೊಲದ ಬದುವಿನ ಮೇಲೆ ನಿಂತ ಒಂದೇ ಒಂದು ಸಂಜೆ. ಬಂದೂಕಿಗೂ ಗುರೆಳ್ಳಿಗೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ಹೇಳುತ್ತೇನೆ. ನಲವತ್ತು ವರ್ಷ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ, ಇನ್ನು ಮುಚ್ಚಿಟ್ಟುಕೊಂಡು ಮಾಡುವುದಾದರೂ ಏನು.

ಬಮ್ಮಿಗಟ್ಟಿಯಿಂದ ಕಾಡಿನ ಕಡೆಗೆ ಒಂದು ಹರದಾರಿ ನಡೆದರೆ ಸಿಗುತ್ತಿದ್ದ ಊರು ನಮ್ಮದು. ಊರು ಈಗಲೂ ಇದೆ, ನಮ್ಮ ಮನೆ ಇಲ್ಲ. ಮುಂದೆ ಹೆಂಚು, ಹಿಂದೆ ಮಣ್ಣಿನ ಮಾಳಿಗೆ, ನಡುವೆ ಹಗಲಲ್ಲೂ ತಣ್ಣಗಿರುತ್ತಿದ್ದ ಪಡಸಾಲೆ. ಪಡಸಾಲೆಯ ಒಂದು ಮೂಲೆಯಲ್ಲಿ ಶೇಂಗಾದ ಚೀಲ, ಇನ್ನೊಂದು ಮೂಲೆಯಲ್ಲಿ ಆಯಿ. ಆಯಿ ಅಂದರೆ ನನ್ನ ಅಪ್ಪನ ತಾಯಿ. ಎರಡೂ ಕಣ್ಣಿಗೆ ಪೊರೆ ಬಂದು ಮುಖಗಳು ಮಬ್ಬಾಗಿದ್ದರೂ ಯಾರು ಒಳಗೆ ಬಂದರು, ಯಾರು ಹೊರಗೆ ಹೋದರು, ಯಾರ ಕೈಯಲ್ಲಿ ಬೆಲ್ಲವಿದೆ ಎಂಬುದೆಲ್ಲ ಆಕೆಗೆ ಕೂತಲ್ಲೇ ಗೊತ್ತಾಗುತ್ತಿತ್ತು. ಹೊಲದ ಕಾರಭಾರವೆಲ್ಲ ದೊಡ್ಡಪ್ಪನದು, ಅಡುಗೆಮನೆಯ ಕಾರಭಾರ ದೊಡ್ಡವ್ವನದು. ನನ್ನ ಅಪ್ಪ ಅವ್ವ ಇವರಿಬ್ಬರು ಹೇಳಿದ್ದು ಕೇಳುವವರು. ಅಪ್ಪನಿಗಿಂತ ಸಣ್ಣವನು ರುದ್ರಪ್ಪ ಕಾಕಾ. ಅವನಿಗೆ ಮದುವೆಯಾಗಿರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, "ಬಂದೂಕ ಇದ್ದವಗ ಯಾರ ಹೆಣ್ಣ ಕೊಡ್ತಾರೋ ಮಾರಾಯಾ" ಎಂದು ನಕ್ಕುಬಿಡುತ್ತಿದ್ದ. ಆ ನಗೆ ಅವನಿಗೆ ಚೆನ್ನಾಗಿ ಒಪ್ಪುತ್ತಿತ್ತು.

ಬಂದೂಕು ಅಜ್ಜನ ಕಾಲದ್ದು. ಬೆಳೆ ಕಾಯಲು ಎಂದು ಲೈಸೆನ್ಸು ಮಾಡಿಸಿದ್ದು. ಮುಂದಿನಿಂದ ಮದ್ದು ತುಂಬಿ ಕಬ್ಬಿಣದ ಸಲಾಕೆಯಿಂದ ಜಡಿಯಬೇಕಾದ ಹಳೆಯ ಮಾಟ. ಉಳಿದವರ ಬಂದೂಕಿಗಿಂತ ನಳಿಗೆ ಸಣ್ಣದು, ನನ್ನ ಕಿರುಬೆರಳೂ ಒಳಗೆ ಹೋಗುತ್ತಿರಲಿಲ್ಲ. ಅಜ್ಜ ತೀರಿಕೊಂಡ ಮೇಲೆ ಕಾಕಾ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಹೊರಟಾಗ ಆಯಿ ಪಡಸಾಲೆಯ ಬಾಗಿಲಿಗೆ ಅಡ್ಡ ಕೂತಳಂತೆ. "ಲಿಂಗಾ ಕಟ್ಟಿದ ಎದಿಗಿ ಬಂದೂಕ ಒತ್ತಿ ಜೀವಾ ತಗೀತಿಯೇನಲೇ? ನಿಮ್ಮಪ್ಪ ತಗದದ್ದು ಸಾಕು" ಎಂದಳಂತೆ. ಕಾಕಾ ಎದೆಯ ಲಿಂಗ ಹಿಡಿದು ಆಣೆ ಮಾಡಿದ. ಗುಂಡು ಹಾಕುವುದಿಲ್ಲ, ಸೀಸದ ಸಣ್ಣ ಚರ್ರೆಯನ್ನೂ ಹಾಕುವುದಿಲ್ಲ, ಬರೀ ಮದ್ದು ಹಾಕಿ ಸಪ್ಪಳ ಮಾಡುತ್ತೇನೆ, ಹಂದಿ ಹೆದರಿ ಓಡಿದರೆ ಸಾಕು. ಆ ಆಣೆಯನ್ನು ಅವನು ಕೊನೆಯವರೆಗೂ ಮುರಿಯಲಿಲ್ಲ. ಊರವರು, "ರುದ್ರಪ್ಪನ ಬಂದೂಕ ಬರೇ ಬಾಯಿಲೆ ಬೈತೈತಿ, ಕೈ ಎತ್ತಂಗಿಲ್ಲ" ಎಂದು ಕಾಡಿಸುತ್ತಿದ್ದರು. ಬೈಯುವುದೇನು ಸಣ್ಣ ಕೆಲಸವೇ? ಬೈಯಲಿಕ್ಕೂ ಗಂಟಲು ಬೇಕು. ಆ ಗಂಟಲನ್ನು ಹುಡುಕಿ ಆರಿಸಿ ತರುವುದರಲ್ಲೇ ಕಾಕಾ ತನ್ನ ಜಾಣತನವನ್ನೆಲ್ಲ ಸುರಿದಿದ್ದ.

ಹೊತ್ತು ಮುಳುಗುವ ಮುಂಚೆ ಕಾಡಿನ ಅಂಚಿನಿಂದ ಹಂದಿಗಳು ಇಳಿಯುತ್ತಿದ್ದವು. ಅವು ಹೊಲಕ್ಕೆ ಕಾಲಿಡುವ ಮೊದಲೇ ಕಾಕಾನ ಬಾರು ಹಾರಬೇಕು. ಒಂದೇ ಬಾರು, ಎರಡನೆಯದಿಲ್ಲ. ಆ ಸಪ್ಪಳ ಗುಡ್ಡಕ್ಕೆ ಹೋಗಿ ತಿರುಗಿ ಊರಿಗೆ ಬರುತ್ತಿತ್ತು. ಅದು ಕಿವಿಗೆ ಬಿದ್ದ ಕೂಡಲೇ ಆಯಿ, "ಬಾರ ಆತು, ದೀಪಾ ಹಚ್ರೇ" ಎನ್ನುತ್ತಿದ್ದಳು. ನಮ್ಮ ಮನೆಯೊಂದೇ ಅಲ್ಲ, ಓಣಿಯ ಹೆಂಗಸರೆಲ್ಲ ದೇವರ ಗೂಡಿನ ದೀಪ ಹಚ್ಚುತ್ತಿದ್ದುದು ಕಾಕಾನ ಬಾರಿಗೆ. ಊರಿಗೆ ಕರೆಂಟು ಬಂದಿತ್ತು, ಆದರೆ ಅದು ಬಂದಾಗ ಬಂತು, ಹೋದಾಗ ಹೋಯಿತು. ಕಾಕಾನ ಬಾರು ಹಾಗಲ್ಲ. ಹೊಲದಿಂದ ಮರಳುವಾಗ ಸಾಲುಮನೆಗಳ ಒಳಗೆ ಒಂದೊಂದಾಗಿ ದೀಪಗಳು ಕಾಣುತ್ತಿದ್ದವು. ಕಾಕಾ ಅವನ್ನು ನೋಡುತ್ತ ನಡೆಯುತ್ತಿದ್ದ. ಹೆಂಡತಿ ಮಕ್ಕಳಿಲ್ಲದ, ಹೊಲದ ಲೆಕ್ಕದಲ್ಲಿ ಮಾತಿಲ್ಲದ ತಮ್ಮ ಅವನು. ಆ ಮನೆಯಲ್ಲಿ, ಆ ಊರಲ್ಲಿ ತನ್ನದು ಅಂತ ಅವನಿಗಿದ್ದದ್ದು ಅದೊಂದೇ. ಅದನ್ನು ಹನ್ನೊಂದು ವರ್ಷದ ನಾನೂ ಬಲ್ಲವಳಾಗಿದ್ದೆ.

ಹಾರಿಸಿದವನಿಗೆ ತನ್ನ ಬಾರು ಹೇಗಿತ್ತು ಎಂಬುದು ಸರಿಯಾಗಿ ಗೊತ್ತಾಗುವುದಿಲ್ಲ ಎಂಬುದು ಕಾಕಾನ ಮತ. ಅದಕ್ಕೇ ನನ್ನನ್ನು ಹೊಲದ ಆಚೆ ತುದಿಯ ಹುಣಸೆಮರದ ಕೆಳಗೆ ನಿಲ್ಲಿಸುತ್ತಿದ್ದ. ಹೊಗೆ ಚದುರಿದ ಮೇಲೆ ಓಡಿ ಹತ್ತಿರ ಹೋದರೆ ದಿನಾಲೂ ಅದೇ ಪ್ರಶ್ನೆ. "ಹೆಂಗಿತ್ತ, ನೀಲಾ?" ನಾನು ಯೋಚಿಸಿ ಹೇಳಬೇಕು. ತೊಲೆ ಬಿದ್ದಂಗ ಇತ್ತು ಕಾಕಾ. ತಗಡ ಬಡದಂಗ ಇತ್ತು. ಮೊದಲ ದೊಡ್ಡದಾಗಿ ಆಮ್ಯಾಲ ಸೀಳಿದಂಗ ಆತು. ಅವನು ತಲೆಯಾಡಿಸಿ ಮನಸ್ಸಿನಲ್ಲೇ ಏನೋ ಬರೆದುಕೊಳ್ಳುತ್ತಿದ್ದ. ಮನೆಯಲ್ಲಿ ಯಾರಾದರೂ ನನ್ನ ಮಾತನ್ನು ಅಲ್ಲಗಳೆದರೆ, "ಆಕಿ ಹೇಳಿದ್ರ ಖರೇ ಇರ್ತೈತಿ ಬಿಡ್ರಿ" ಎನ್ನುತ್ತಿದ್ದ. ಐದನೇ ಇಯತ್ತೆಯಲ್ಲಿ ಲೆಕ್ಕದಲ್ಲಿ ಸೊನ್ನೆ ತಂದ ಹುಡುಗಿಗೆ ಇದಕ್ಕಿಂತ ದೊಡ್ಡ ಮಾತು ಯಾರು ಹೇಳುತ್ತಾರೆ ಹೇಳಿ.

ಮದ್ದು ತರಲು ನಾವಿಬ್ಬರೂ ಕಲಘಟಗಿಗೆ ಹೋಗುತ್ತಿದ್ದೆವು. ಊರ ಹೊರಗೆ ಅಮೀನಸಾಬರ ಮದ್ದಿನ ಮನೆ. ಮದುವೆ ಉರುಸುಗಳಿಗೆ ಬಾಣ ಬಿರುಸು ಕಟ್ಟಿಕೊಡುವುದು, ಲೈಸೆನ್ಸಿನವರಿಗೆ ಬಂದೂಕಿನ ಮದ್ದು ಮಾರುವುದು ಅವರ ಕಸುಬು. ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ಬೀಡಿಪೆಟ್ಟಿಗೆ ಹೊರಗಿನ ಕಟ್ಟೆಯ ಮೇಲೆ ಇಡಬೇಕು. ಬಿಸಿಲು ಇಳಿದರೆ ವ್ಯಾಪಾರವಿಲ್ಲ, ಯಾಕೆಂದರೆ ಆ ಮನೆಯಲ್ಲಿ ದೀಪ ಹಚ್ಚುವಂತಿರಲಿಲ್ಲ. ಅವರು ಗಡ್ಡಕ್ಕೆ ಮದರಂಗಿ ಹಚ್ಚುತ್ತಿದ್ದರು, ಬೆರಳಿನ ಸಂದಿಯಲ್ಲಿ ಮಾತ್ರ ಎಷ್ಟು ತೊಳೆದರೂ ಹೋಗದ ಕಪ್ಪು. ಮದ್ದಿಗೆ ಅಲ್ಲಿ ಅಡುಗೆಮನೆಯ ಹೆಸರು. ಎಲ್ಲಕ್ಕಿಂತ ಸಣ್ಣದು ಗಸಗಸಿ ಮದ್ದು, ಅದಕ್ಕಿಂತ ದಪ್ಪನೆಯದು ಸಾಸಿವಿ ಮದ್ದು, ಎಲ್ಲಕ್ಕಿಂತ ದೊಡ್ಡ ಹರಳು, ಕರ್ರಗೆ ಮಿರಮಿರ ಮಿಂಚುವುದು ಗುರೆಳ್ಳು ಮದ್ದು. ಗಸಗಸಿ ಕಿಡಿ ಕಂಡ ಕೂಡಲೇ ಹಾರುವ ಮುಂಗೋಪಿ, ಅದರ ಸಪ್ಪಳ ಚಾಟಿಯ ಏಟು. ಗಿಳಿ, ಮಂಗ ಅದಕ್ಕೆ ಹೆದರುತ್ತವೆ, ಹಂದಿ ಕಿವಿ ಸಹ ಅಲ್ಲಾಡಿಸುವುದಿಲ್ಲ. ಗುರೆಳ್ಳು ಮದ್ದು ನಿಧಾನ, ಅದರದ್ದು ಹೊಟ್ಟೆಯೊಳಗಿನ ದನಿ. ಹಂದಿಗೆ ಅದೇ ಬೇಕು. ಆದರೆ ನಮ್ಮ ಬಂದೂಕಿನ ಸಣ್ಣ ನಳಿಗೆಯಲ್ಲಿ ಆ ದಪ್ಪ ಹರಳು ಪೂರ್ತಿ ಉರಿಯದೆ ಹೊಗೆಯಾಗಿಬಿಡುತ್ತಿತ್ತು. ಹೀಗಾಗಿ ಕಾಕಾ ಸಾಸಿವೆ ಮದ್ದಿಗೆ ಬಂದು ನಿಂತಿದ್ದ. ಅದರಲ್ಲೂ ಈ ಸಲದ ಹದ ಹೇಗೆ, ಹೋದ ಸಲದ್ದು ಹೇಗೆ, ಇದ್ದಿಲು ಯಾವ ಕಟ್ಟಿಗೆಯದು ಎಂದು ಅರ್ಧ ದಿನ ಚರ್ಚೆ. ಎರಡು ಬೆರಳ ನಡುವೆ ತಿಕ್ಕಿ ನೋಡುತ್ತಿದ್ದ, ಬೆರಳಿಗೆ ಕಪ್ಪು ಹತ್ತಿದರೆ ಒಲ್ಲೆ ಅನ್ನುತ್ತಿದ್ದ. ಒಂದು ಚಿಟಿಕೆಯನ್ನು ಬಿಳಿ ಹಾಳೆಯ ಮೇಲೆ ಹಾಕಿ ಅಂಗಳದ ಆಚೆ ತುದಿಗೆ ಒಯ್ದು ಊದಿನಕಡ್ಡಿ ಮುಟ್ಟಿಸುತ್ತಿದ್ದ. ಫುಸ್ಸೆಂದು ಹಾರಿ ಹಾಳೆ ಬೆಳ್ಳಗೇ ಉಳಿಯಬೇಕು. ಉಳಿದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಆಮೇಲೆ ಚಹಾ, ನನಗೆ ಒಂದು ಖಾರಿ ಬಿಸ್ಕತ್ತು.

ಅಳತೆಗೆ ಕಾಕಾನ ಹತ್ತಿರ ಇದ್ದದ್ದು ನನ್ನ ಒಳಲೆ. ಕೂಸಾಗಿದ್ದಾಗ ಬಜೆ ತೇದು ನನಗೆ ಕುಡಿಸುತ್ತಿದ್ದ, ಹಕ್ಕಿಯ ಕೊಕ್ಕಿನಂಥ ಮೂತಿಯ ಪುಟ್ಟ ಹಿತ್ತಾಳೆ ಒಳಲೆ. ನಾನು ರೊಟ್ಟಿ ತಿನ್ನುವಷ್ಟು ದೊಡ್ಡವಳಾದ ಮೇಲೆ ಅದು ಗೋಡೆಯ ಗೂಡಿನಲ್ಲಿ ಬಿದ್ದಿತ್ತು. ಸಣ್ಣ ನಳಿಗೆಗೆ ಒಂದು ಹರಳೂ ಚೆಲ್ಲದಂತೆ ಮದ್ದು ಸುರಿಯಲು ಆ ಕೊಕ್ಕು ಹೇಳಿ ಮಾಡಿಸಿದಂತಿತ್ತು. ಒಂದು ಒಳಲೆ ಮದ್ದು, ಅದರ ಮೇಲೆ ಪುಂಡಿ ನಾರಿನ ಉಂಡೆ, ಸಲಾಕೆಯಿಂದ ಎರಡು ಜಡಿತ. "ನೀ ಕುಡದ ಒಳಲಿ ಅಂತನ ಬಂದೂಕ ಇಷ್ಟ ಒದರತೈತಿ ನೋಡ" ಎಂದು ದೊಡ್ಡವ್ವ ಅನ್ನುತ್ತಿದ್ದಳು. ಅವಳ ನಾಲಗೆಗೆ ಅವಳೇ ಸಾಟಿ.

ಅದೇ ದೊಡ್ಡವ್ವ ಒಂದು ಸಲ ನಮ್ಮೆಲ್ಲರನ್ನೂ ಹಾರಿಸಿಬಿಡುತ್ತಿದ್ದಳು. ಮಳೆಗಾಲದಲ್ಲಿ ಮದ್ದು ತಂಪು ಹಿಡಿಯುತ್ತದೆಂದು ಕಾಕಾ ಅದನ್ನು ಮೊರದಲ್ಲಿ ಹರವಿ ಮಾಳಿಗೆಯ ನೆರಳಿಗೆ ಇಟ್ಟಿದ್ದ. ಆ ಸಲ ತಂದಿದ್ದದ್ದು ಪರೀಕ್ಷೆಗೆಂದು ಗುರೆಳ್ಳು ಮದ್ದು. ಪಕ್ಕದ ಮೊರದಲ್ಲಿ ದೊಡ್ಡವ್ವ ಹಸನು ಮಾಡಿಟ್ಟ ಗುರೆಳ್ಳು. ಹನಿ ಬಿದ್ದವೆಂದು ಗಡಬಡಿಸಿ ಎತ್ತಿಕೊಂಡು ಇಳಿದವಳು ಕೈಗೆ ಸಿಕ್ಕ ಮೊರವನ್ನು ಹೊತ್ತು ಒಲೆಯ ಮುಂದೆ ಕೂತಳು. ಹಂಚು ಕಾದಿತ್ತು. ಮೊರವನ್ನು ಎತ್ತಿ ಇನ್ನೇನು ಸುರಿಯಬೇಕು, ಪಡಸಾಲೆಯಿಂದ ಆಯಿ ಚೀರಿದಳು, "ಏ ಗಿರಿಜಾ, ಕೈ ಹಿಂದ ತಗಿ! ಅದು ರುದ್ರ್ಯಾನ ವಾಸನಿ!" ಕಣ್ಣು ಕಾಣದ ಮುದುಕಿ ಮೂಗಿನಿಂದ ಮನೆ ಉಳಿಸಿದಳು. ದೊಡ್ಡವ್ವ ಮೊರ ಇಟ್ಟು ಹಿತ್ತಲಿಗೆ ಹೋಗಿ ಅತ್ತಳು, ಅತ್ತು ಬಂದು ಕಾಕಾನನ್ನು ಎರಡು ದಿನ ಬೈದಳು. ಅಂದಿನಿಂದ ಮದ್ದಿನ ಡಬ್ಬಿ ದನದ ಕೊಟ್ಟಿಗೆಯ ಜಂತಿಗೆ ಏರಿತು. ಈ ಸಂಗತಿಯನ್ನು ಎಲ್ಲರೂ ವರ್ಷಗಟ್ಟಲೆ ಹೇಳಿ ನಕ್ಕರು. ನಾನು ಮಾತ್ರ ಒಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡೆ. ಕಣ್ಣಿಗೆ ಅವೆರಡೂ ಒಂದೇ.

ಇದಾದ ಮರುವರ್ಷ ಕಾಕಾ, "ಮದ್ದು ಸತ್ತೈತಿ" ಎನ್ನಲು ಶುರುಮಾಡಿದ. ಬಾರು ಹಾರಿಸಿ, ಹೊಗೆಯೊಳಗಿಂದ ಹೊರಬಂದು, ಮುಖ ಸಣ್ಣದು ಮಾಡಿಕೊಂಡು, "ಇದ್ರಾಗ ಜೀವಾನ ಇಲ್ಲ" ಎನ್ನುತ್ತಿದ್ದ. "ಇಲ್ಲ ಕಾಕಾ, ಭಾಳ ಜೋರಿತ್ತು" ಅಂದರೆ, "ನನ್ನ ಸಮಾಧಾನ ಮಾಡಬ್ಯಾಡ ನೀಲಾ" ಎಂದು ಹೊರಳಿಬಿಡುತ್ತಿದ್ದ. ನಾನು ಹೇಳಿದ್ದು ಖರೇ ಎನ್ನುತ್ತಿದ್ದವನು ಈಗ ನನ್ನ ಖರೆಯನ್ನು ನಂಬದಾದ. ಒಂದು ಒಳಲೆ ಒಂದೂವರೆಯಾಯಿತು, ಒಂದೂವರೆ ಎರಡಾಯಿತು. ಊರಲ್ಲಿ, "ರುದ್ರಪ್ಪಗ ಏನಾಗೇತಿ, ನಮ್ಮನಿ ಹೆಂಚ ಅಳ್ಳಾಡ್ತಾವು" ಎಂದರು. ಅವನಿಗೆ ಮಾತ್ರ ಸಾಲದು. ಸಾಸಿವೆ ಬಿಟ್ಟು ಗುರೆಳ್ಳು ಮದ್ದು ತಂದ, ಅದನ್ನು ಬಿಟ್ಟು ಗಸಗಸಿ ತಂದ. ಪ್ರತಿ ಸಲವೂ ಅಮೀನಸಾಬರೊಡನೆ ತಕರಾರು.

ಕೊನೆಯ ಸಲ ಹೋದಾಗ ಅವರ ಅಂಗಳದಲ್ಲಿ ಕಾಕಾ ಹಾಳೆಯ ಮೇಲೆ ಮದ್ದು ಹಾಕಿ ಆಚೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತಿದ್ದ. ಅಮೀನಸಾಬರು ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟರು. ಕಾಕಾನ ಬೆನ್ನ ಹಿಂದೆ ಹತ್ತು ಹೆಜ್ಜೆ ದೂರ ಒಂದು ಸಣ್ಣ ಪಟಾಕಿ ಇಟ್ಟು ಕಡ್ಡಿ ಗೀರಿದರು. ಅದು ಢಬ್ಬೆಂದು ಒಡೆಯಿತು. ಬೇವಿನ ಮರದ ಕಾಗೆಗಳೆಲ್ಲ ಎದ್ದವು, ಗೊತ್ತಿದ್ದೂ ನಾನು ಬೆಚ್ಚಿಬಿದ್ದೆ. ಕಾಕಾ ತಿರುಗಲಿಲ್ಲ. ಹಾಳೆಯ ಮೇಲಿನ ಮದ್ದನ್ನು ಬೆರಳಿನಿಂದ ಸರಿಪಡಿಸುತ್ತ ಕೂತೇ ಇದ್ದ. ಅಯ್ಯೋ ನನ್ನಪ್ಪಾ, ಆ ಬೆನ್ನು! ಬಿಳಿ ಅಂಗಿಯ ಆ ಬೆನ್ನು ಈಗಲೂ ನನ್ನ ಕಣ್ಣ ಮುಂದಿದೆ. "ನೋಡಿದ್ಯಾ ಬೇಟಿ" ಎಂದರು ಅಮೀನಸಾಬರು ಮೆಲ್ಲಗೆ, "ಮದ್ದ ಸತ್ತಿಲ್ಲ. ಇಪ್ಪತ್ತ ವರ್ಷ ಕಿವಿ ಹತ್ರ ಸಿಡಿಸ್ಯಾನು, ಕಿವಿ ಹೋಗ್ಯಾವು. ತುಟಿ ನೋಡಿ ಮಾತಾಡ್ತಾನು, ಅದಕ್ಕ ಯಾರಿಗೂ ಗೊತ್ತಾಗಿಲ್ಲ. ಹಿಂಗ ಏರಿಸ್ಕೋತ ಹೋದ್ರ ಆ ಸಣ್ಣ ನಳಗಿ ತಡಿಯಂಗಿಲ್ಲ, ಮಾರಿ ಮ್ಯಾಲ ಒಡೀತೈತಿ. ಮನ್ಯಾಗ ಹಿರ್ಯಾರಿಗೆ ಹೇಳು." ಆಮೇಲೆ ಕಾಕಾನ ಎದುರು ಬಂದು ಜೋರಾಗಿಯೇ ಹೇಳಿದರು, "ರುದ್ರಪ್ಪಣ್ಣಾ, ಇಷ್ಟ ಮದ್ದ ನಾ ಕೊಡಂಗಿಲ್ರಿ." ಕಾಕಾನಿಗೆ ಸಿಟ್ಟು ನೆತ್ತಿಗೇರಿತು. "ಸತ್ತ ಮಾಲ ಮಾರಿ, ಮ್ಯಾಲ ನನಗ ಬುದ್ಧಿ ಹೇಳ್ತೀರೇನು ಸಾಬರ?" ಎಂದು ಎದ್ದುಬಿಟ್ಟ. ಚಹಾ ಮುಟ್ಟಲಿಲ್ಲ. ನನ್ನ ಖಾರಿಯೂ ಅಲ್ಲೇ ಉಳಿಯಿತು.

ಮನೆಯಲ್ಲಿ ನಾನು ಹೇಳಲಿಲ್ಲ. ಹೇಳಿದ್ದರೆ ದೊಡ್ಡಪ್ಪ ಅಂದೇ ಬಂದೂಕನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬರುತ್ತಿದ್ದ. ಸಂಜೆಯ ಬಾರು ಹೋದರೆ ಕಾಕಾ ಏನಾಗಿ ಉಳಿಯುತ್ತಾನೆ? ಅಣ್ಣನ ಮನೆಯಲ್ಲಿ ರೊಟ್ಟಿ ತಿನ್ನುವ ಒಂದು ಬಾಯಿ. ಅಷ್ಟರಲ್ಲಿ ಅವನು ಸಂತೆಯಲ್ಲಿ ಯಾವನೋ ಗುರುತಿಲ್ಲದವನಿಂದ ಒಂದು ಡಬ್ಬಿ ಮದ್ದು ತಂದ. ಗಸಗಸಿಗಿಂತಲೂ ಸಣ್ಣದು, ಕಿಡಿ ತೋರಿಸುವ ಮುಂಚೆಯೇ ಹಾರುವಂಥದ್ದು. ಮೊದಲ ಸಂಜೆ ಎರಡು ಒಳಲೆ ಹಾಕಿದ. ಬಂದೂಕು ಅವನನ್ನು ಒದ್ದು ಬದುವಿನಿಂದ ಕೆಳಗೆ ಕೆಡವಿತು. ಎದ್ದು ಭುಜ ಒತ್ತಿಕೊಳ್ಳುತ್ತ, "ಒದಿಯೂದು ಒದೀತೈತಿ, ಸಪ್ಪಳ ಇಲ್ಲ. ನಾಳೆ ಮೂರು ಹಾಕೂಣು" ಎಂದ. ಮೂರು!

ಮರುದಿನ ಮಧ್ಯಾಹ್ನ ಎಲ್ಲರೂ ಕಳೆ ತೆಗೆಯಲು ಹೋಗಿದ್ದರು, ಆಯಿ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ನಾನು ದೊಡ್ಡವ್ವನ ಗಡಿಗೆಯಿಂದ ಗುರೆಳ್ಳು ತೆಗೆದು ಒರಳಿನಲ್ಲಿ ಆ ಮದ್ದಿನಷ್ಟೇ ಸಣ್ಣಗೆ ಕುಟ್ಟಿದೆ. ಕೊಟ್ಟಿಗೆಯಲ್ಲಿ ಮೇವು ಹಾಕುವ ಗ್ವಾದಲಿಯ ಮೇಲೆ ಹತ್ತಿ ಜಂತಿಯ ಡಬ್ಬಿ ಇಳಿಸಿದೆ. ಅರ್ಧಕ್ಕಿಂತ ಹೆಚ್ಚು ಮದ್ದನ್ನು ತಿಪ್ಪೆಯ ಗುಂಡಿಯ ನೀರಿಗೆ ಸುರಿದು, ಅಷ್ಟೇ ಗುರೆಳ್ಳು ಹಾಕಿ ಕೈಯಿಂದ ಕಲಸಿದೆ. ಎಮ್ಮೆ ನನ್ನನ್ನೇ ನೋಡುತ್ತಿತ್ತು. ತಪ್ಪು ಮಾಡುತ್ತಿದ್ದೇನೆ ಎಂದು ಗೊತ್ತಿತ್ತು. ಕಾಕಾ ಮೂರು ಒಳಲೆ ಹಾಕಿದರೂ ನಳಿಗೆ ಒಡೆಯಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಸಂಜೆ ಹುಣಸೆಮರದ ಕೆಳಗೆ ನಿಂತು ಕಣ್ಣು ಮುಚ್ಚಿಕೊಂಡೆ. ಬಂದೂಕು ತುಸ್ ಎಂದಿತು. ತುಪ್ಪದ ಒಗ್ಗರಣೆಗೆ ನೀರು ಬಿದ್ದರೆ ಆಗುತ್ತದಲ್ಲ, ಅಷ್ಟೇ ಸಪ್ಪಳ. ನಳಿಗೆಯ ಬಾಯಿಂದ ಹೊಗೆ ಮಾತ್ರ ದಟ್ಟವಾಗಿ ಹೊರಬಂದು ಗಾಳಿಯಿಲ್ಲದ ಹೊಲದ ಮೇಲೆ ಹಾಗೇ ಕೂತಿತು. ಆ ಹೊಗೆಯಲ್ಲಿ ಮದ್ದಿನ ಜತೆಗೆ ನಮ್ಮ ಅಡುಗೆಮನೆಯ ವಾಸನೆ. ಹುರಿದ ಗುರೆಳ್ಳು. ನಾನು ಓಡಿ ಹತ್ತಿರ ಹೋದೆ. ಕಾಕಾ ಬಂದೂಕನ್ನು ಕೆಳಗಿಳಿಸಿ ನಿಂತಿದ್ದ. ಎಷ್ಟೋ ದಿನಗಳ ಮೇಲೆ ಅವನು ಮತ್ತೆ ನನ್ನನ್ನು ಕೇಳಿದ, "ಹೆಂಗಿತ್ತ, ನೀಲಾ?"

"ಭಾಳ ಜೋರಿತ್ತು ಕಾಕಾ."

ಅವನು ನನ್ನ ಬಾಯನ್ನೇ ನೋಡುತ್ತಿದ್ದ. "ಹೌದಾ?" ಎಂದ. ಆಮೇಲೆ ಬಂದೂಕಿನ ಬಾಯಿಯನ್ನು ಒಂದು ಸಲ ಮೂಸಿ, "ನಡಿ, ಹೋಗೂಣು" ಎಂದ. ನಮ್ಮ ಬೆನ್ನ ಹಿಂದೆ ಹೊಲದಂಚಿನ ಲಂಟಾನ ಪೊದೆಗಳು ಸರಸರ ಅಂದವು. ಹಂದಿಗಳು ಇಳಿದಿದ್ದವು. ಅದೂ ಅವನಿಗೆ ಕೇಳಲಿಲ್ಲ, ನಾನು ಹೇಳಲೂ ಇಲ್ಲ.

ಊರೊಳಗೆ ಬಂದೆವು. ಓಣಿಯಲ್ಲಿ ಒಂದು ಮನೆಯಲ್ಲೂ ದೀಪವಿರಲಿಲ್ಲ. ಕರೆಂಟೂ ಇರಲಿಲ್ಲ. ಹೆಂಗಸರು ಕಟ್ಟೆಗಳ ಮೇಲೆ ಮಬ್ಬುಗತ್ತಲಲ್ಲಿ ಕೂತು ಕಾಡಿನ ಕಡೆ ನೋಡುತ್ತಿದ್ದರು. ಬಾರಿಗೆ ಕಾಯುತ್ತಿದ್ದರು. ಕಾಕಾ ಮೊದಲ ಮನೆ ನೋಡಿದ, ಎರಡನೆಯದು ನೋಡಿದ, ಮೂರನೆಯದು ನೋಡಿದ. ಅವನ ಹೆಜ್ಜೆ ಸಣ್ಣದಾಗುತ್ತ ಬಂತು. ನಮ್ಮ ಪಡಸಾಲೆಯೂ ಕತ್ತಲೆ. ಹೊಸ್ತಿಲ ಸಪ್ಪಳಕ್ಕೆ ಆಯಿ, "ರುದ್ರ್ಯಾ, ಇವತ್ತ ಯಾಕೋ ಬಾರ ಹಾರಸಲಿಲ್ಲ? ಮೈಯಾಗ ಹುಷಾರೈತಿಲ್ಲೋ?" ಎಂದಳು. ಅವನಿಗೆ ಅದು ಕೇಳಿಸಿತೋ ಇಲ್ಲವೋ. ಬಂದೂಕನ್ನು ಮೂಲೆಗೆ ಒರಗಿಸಿ ದೇವರ ಗೂಡಿನ ಮುಂದೆ ಕೂತ. ತಾನೇ ಬತ್ತಿ ಹೊಸೆದು, ಎಣ್ಣೆ ಹಾಕಿ, ಕಡ್ಡಿ ಗೀರಿದ. ಅಷ್ಟು ವರ್ಷ ಊರಿಗೆಲ್ಲ ದೀಪ ಹಚ್ಚಿಸಿದವನು ತನ್ನ ಕೈಯಿಂದ ದೀಪ ಹಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಿನ್ನಿ ಭುಜಾ ಮುರದಂಗ ಒದ್ದಿತ್ತು" ಎಂದ ದೀಪ ನೋಡುತ್ತಲೇ. "ಇವತ್ತ ಬೆಕ್ಕ ಮೈ ತಿಕ್ಕಿದಂಗ ಆತು. ಆದ್ರ ಕಿವಿಗಿ ಎರಡೂ ಒಂದ ಆಗ್ಯಾವು, ನೀಲಾ." ನನಗೆ ಅಳು ಬಂತು. "ಗುರೆಳ್ಳ ಹಾಕಿದಾಕಿ ನೀನ ಹೌದಲ್ಲ?" ತಲೆಯಾಡಿಸಿದೆ. "ಹಾಕಿದ್ದಕ್ಕ ನನಗ ಸಿಟ್ಟಿಲ್ಲ. ಜೋರಿತ್ತು ಅಂತ ಯಾಕ ಹೇಳಿದಿ? ನೀನೂ ಹಂಗಂದ್ರ ನಾ ಯಾರನ್ನ ಕೇಳ್ಲಿ?" ಬೈಯಲಿಲ್ಲ, ದನಿ ಎತ್ತಲಿಲ್ಲ. ಒಂದು ಏಟು ಹಾಕಿದ್ದರೆ ಎಷ್ಟೋ ವಾಸಿಯಿತ್ತು. ಆ ಸಂಜೆ ಹಂದಿಗಳು ಶೇಂಗಾದ ನಾಲ್ಕು ಸಾಲು ಅಗೆದು ಹಾಕಿದ್ದವು. ದೊಡ್ಡಪ್ಪ ಬೆಳಿಗ್ಗೆ ಕೂಗಾಡಿದ. ಕಾಕಾ, "ಮದ್ದು ತಂಪಾಗಿತ್ತು" ಎಂದಷ್ಟೇ ಹೇಳಿದ. ನನ್ನ ಹೆಸರು ಎತ್ತಲಿಲ್ಲ.

ಕೆಲವು ದಿನಗಳಲ್ಲಿ ಚುನಾವಣೆ ಬಂತು. ಚುನಾವಣೆಗೆ ಮೊದಲು ಲೈಸೆನ್ಸಿನ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಿ ಚೀಟಿ ತೆಗೆದುಕೊಳ್ಳುವುದು ರೂಢಿ. ಮುಗಿದ ಮೇಲೆ ಎಲ್ಲರೂ ಹೋಗಿ ಬಿಡಿಸಿಕೊಂಡು ಬಂದರು, ಕಾಕಾ ಹೋಗಲಿಲ್ಲ. ಚೀಟಿ ದೇವರ ಗೂಡಿನ ಹಿಂದೆ ಹಳದಿಯಾಗುತ್ತ ಉಳಿಯಿತು. ಯಾಕೆಂದು ದೊಡ್ಡಪ್ಪ ಕೇಳಿದ್ದಕ್ಕೆ, "ಸಾಕಾತು" ಎಂದ. ಒಂದು ದಿನ ಅಮೀನಸಾಬರು ಸೈಕಲ್ಲು ತುಳಿಯುತ್ತ ನಮ್ಮ ಮನೆಗೇ ಬಂದರು. ಕಾಕಾನ ಕಿವಿಯ ಹತ್ತಿರ ಬಾಯಿಟ್ಟು ಏನೋ ಕೂಗಿ ಹೇಳಿದರು, ಇಬ್ಬರೂ ಕಟ್ಟೆಯ ಮೇಲೆ ಬಹಳ ಹೊತ್ತು ಕೂತು ಚಹಾ ಕುಡಿದರು. ಹೋಗುವಾಗ ನನ್ನ ಕೈಯಲ್ಲಿ ಕಾಗದದ ಪೊಟ್ಟಣವಿಟ್ಟರು. ಅದರಲ್ಲಿ ಎರಡು ಖಾರಿ ಇದ್ದವು.

ಆಮೇಲೆ ನಮ್ಮೂರಲ್ಲಿ ಸಂಜೆ ಯಾವಾಗ ಆಗುತ್ತಿತ್ತೋ ಯಾರಿಗೂ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಒಬ್ಬರು ಬೇಗ ದೀಪ ಹಚ್ಚಿದರು, ಒಬ್ಬರು ತಡವಾಗಿ. ಆಯಿ ಮಾತ್ರ ಸಾಯುವವರೆಗೂ ಆ ಹೊತ್ತಿಗೆ ಗೋಡೆಯಿಂದ ಬೆನ್ನು ತೆಗೆದು ಕಾಡಿನ ಕಡೆ ಕಿವಿಯಾನಿಸಿ ಕೂರುತ್ತಿದ್ದಳು. ಕಾಕಾ ಹೊಲದಿಂದ ಬಂದು ಆಕೆಯ ಭುಜ ಮುಟ್ಟಿ ದೀಪ ಹಚ್ಚುತ್ತಿದ್ದ. ನನ್ನ ಮೇಲಿನ ಅವನ ಅಕ್ಕರೆ ಕಡಿಮೆಯಾಯಿತು ಎಂದರೆ ಸುಳ್ಳಾದೀತು. ನನಗೆ ರೇಷ್ಮೆ ರಿಬ್ಬನ್ನು ತಂದ, ಹಬ್ಬಕ್ಕೆ ಹೊಸ ಲಂಗದ ಅರಿವೆ ತಂದ, ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತವನೂ ಅವನೇ. ಆದರೆ, "ಹೆಂಗಿತ್ತ, ನೀಲಾ?" ಎಂದು ಮತ್ತೆ ಕೇಳಲಿಲ್ಲ. ಮಳೆ ಹೇಗಿತ್ತು, ಭಜನೆ ಹೇಗಿತ್ತು, ಯಾರು ಏನಂದರು ಎಂಬುದನ್ನೆಲ್ಲ ಬೇರೆಯವರ ತುಟಿ ನೋಡಿ ತಿಳಿದುಕೊಂಡ. ಆ ಒಂದು ಪ್ರಶ್ನೆಗಾಗಿ ನಾನು ಎಷ್ಟು ಸಂಜೆ ಅವನ ಮುಂದೆ ಸುಮ್ಮಸುಮ್ಮನೆ ಸುಳಿದಿದ್ದೇನೆ ಎಂಬುದು ನನಗೇ ಗೊತ್ತು.

ನನ್ನ ಮಗ ಹುಟ್ಟಿದಾಗ ಕಾಕಾ ಹುಬ್ಬಳ್ಳಿಗೆ ಬಂದ. ಬಸ್ಸಿನಲ್ಲಿ ಒಬ್ಬನೇ ಬಂದಿದ್ದ. ಟವೆಲ್ಲಿನ ಗಂಟು ಬಿಚ್ಚಿ ಒಳಲೆ ತೆಗೆದ. ಹುಣಸೆಹಣ್ಣು ಹಾಕಿ ಎಷ್ಟು ದಿನ ತಿಕ್ಕಿದ್ದನೋ, ಹೊಸ ಹಿತ್ತಾಳೆಯಂತೆ ಹೊಳೆಯುತ್ತಿತ್ತು. "ಕೂಸಿಗಿ ಬಜಿ ಕುಡಸಾಕ" ಎಂದ, ಕಿವಿ ಕೇಳದವರ ಆ ದೊಡ್ಡ ದನಿಯಲ್ಲಿ. ಆಮೇಲೆ ಅದನ್ನು ನನ್ನ ಕೈಗೆ ಕೊಡದೆ ಹಿಡಿದುಕೊಂಡೇ ನಿಂತ. "ತಿಕ್ಕಿ ತಿಕ್ಕಿ ಸಾಕಾತು. ಇನ್ನೂ ಮದ್ದಿನ ವಾಸನಿ ಬಡೀತೈತಿ ಅಂತ ನನಗ ಅನಸ್ತೈತಿ. ವಯಸ್ಸಾತು, ಮೂಗೂ ಮೊದಲಿನಂಗ ಇಲ್ಲ. ನೀ ನೋಡ. ಹೆಂಗೈತಿ, ನೀಲಾ?"

ಆ ಪ್ರಶ್ನೆ ಕೇಳಿ ಹದಿಮೂರು ವರ್ಷವಾಗಿತ್ತು. ಬಾಣಂತಿಕೋಣೆಯ ಮಂಚದ ಮೇಲೆ ಕೂತು ನಾನು ಅವನ ಕೈಯಲ್ಲಿದ್ದ ಒಳಲೆಯನ್ನು ಮೂಗಿನ ಹತ್ತಿರಕ್ಕೆ ಎಳೆದುಕೊಂಡೆ. ಕಣ್ಣು ಮುಚ್ಚಿ, ಉಸಿರೆಳೆದು, ಹುಣಸೆಮರದ ಕೆಳಗೆ ನಿಂತಾಗಿನಷ್ಟೇ ಎಚ್ಚರದಿಂದ ಮೂಸಿದೆ. ಇದೆ ಎನ್ನಲೋ, ಇಲ್ಲ ಎನ್ನಲೋ, ಅವನಿಗೆ ಯಾವುದು ಹಿತವಾದೀತು ಎಂದು ಒಂದು ಕ್ಷಣವೂ ಯೋಚಿಸಲಿಲ್ಲ. ಅವನಿಗೆ ಕಾಣುವಂತೆ ಬಾಯಿ ಅಗಲಿಸಿ, ಒಂದೊಂದೇ ಮಾತಾಗಿ ಹೇಳಿದೆ, "ಮದ್ದಿಂದು ಇಲ್ಲ ಕಾಕಾ. ಗುರೆಳ್ಳಿಂದೂ ಇಲ್ಲ. ಬರೇ ಹುಣಸಿಹಣ್ಣಿಂದು ಐತಿ."

ಅವನು ನನ್ನ ತುಟಿಗಳನ್ನು ನೋಡಿದ. ಮುಖದಲ್ಲಿ ಆ ಹಳೆಯ ನಗೆ ಮೆಲ್ಲಗೆ ಹರಡಿತು. "ಆಕಿ ಹೇಳಿದ್ರ ಖರೇ ಇರ್ತೈತಿ ಬಿಡ್ರಿ" ಎಂದು ಕೋಣೆಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿ ಒಳಲೆಯನ್ನು ನನ್ನ ಮಡಿಲಿಗೆ ಹಾಕಿದ.

ಈಗ ಕಾಕಾ ಇಲ್ಲ. ಆಯಿ, ದೊಡ್ಡವ್ವ, ಅಮೀನಸಾಬರು ಯಾರೂ ಇಲ್ಲ. ಪಾಲಾದ ಮೇಲೆ ಮನೆಯನ್ನು ಬಿಚ್ಚಿ ತೊಲೆ ಜಂತಿಗಳನ್ನು ಹಂಚಿಕೊಂಡರು, ಪಡಸಾಲೆ ಇದ್ದ ಜಾಗದಲ್ಲಿ ಯಾರದೋ ಟ್ರ್ಯಾಕ್ಟರು ನಿಲ್ಲುತ್ತದೆ. ಬಂದೂಕು ಎಲ್ಲಿ ತುಕ್ಕು ಹಿಡಿಯಿತೋ ತಿಳಿಯದು. ಒಳಲೆ ಮಾತ್ರ ನನ್ನ ಗುರೆಳ್ಳು ಹಿಂಡಿಯ ಡಬ್ಬಿಯಲ್ಲಿದೆ, ಚಮಚದ ಬದಲು ಅದರಿಂದಲೇ ಬಡಿಸುತ್ತೇನೆ. ನಿನ್ನೆ ಹೊಸ ಹಿಂಡಿ ಮಾಡಿ ತುಂಬುವಾಗ ಸುಮ್ಮನೆ ಒಂದು ಸಲ ಮೂಸಿದೆ. ಖರೇ ಹೇಳುತ್ತೇನೆ ಕಾಕಾ, ಇದರಲ್ಲಿ ಈಗ ಹುರಿದ ಗುರೆಳ್ಳಿನ ಜತೆಗೆ ಮದ್ದಿನ ವಾಸನೆಯೂ ಇದೆ.